ಬಣ್ಣ ನಿಲ್ಲದ ಬಾವಿ

ಭಾಲ್ಕಿಯ ಹೆಂಗಸರು ನವೊಮಿಯನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಅವರಿಗೆ ಅವಳು ‘ಲಾಲ ದವಾ ಬಾಯಿ’. ಬೀದರದ ಮಿಷನ್ ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿತು, ಶಾಲಾ ಮಾಸ್ತರ ಎಲೀಷನ ಹೆಂಡತಿಯಾಗಿ ಈ ಊರಿಗೆ ಬಂದವಳು. ಕಾಲರಾದ ಸುದ್ದಿ ಬಂದ ಕಡೆಗೆಲ್ಲ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು, ಕೆಂಪು ಔಷಧದ ಡಬ್ಬಿ ಹಿಡಿದು ಹೊರಡುತ್ತಿದ್ದಳು. ಔರಾದದ ಕಡೆಯ ಹಳ್ಳಿಗಳಲ್ಲಿ ಬಾವಿಕಟ್ಟೆಯ ಮೇಲೆಯೇ ಕೂತು ಮಗುವಿಗೆ ಹಾಲು ಕುಡಿಸಿ, ಅದು ನಿದ್ದೆ ಹೋದ ಮೇಲೆ ಎದ್ದು ಬಾವಿಗೆ ಔಷಧ ಹಾಕಿದ್ದುಂಟು. “ಮೊದಲ ಕೂಸಿಗಿ, ಆಮ್ಯಾಲ ಬಾವಿಗಿ. ಎರಡೂ ಹೊಟ್ಟಿ ಕೆಡಬಾರದು ನೋಡ್ರಿ” ಎಂದು ನಗುತ್ತಿದ್ದಳು.

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಯುಗಾದಿ ಸಮೀಪಿಸಿದಾಗ, ಅವರ ಓಣಿಯ ಈಸುಬಾವಿಯನ್ನು ತೆರೆಯುವ ಮಾತು ಬಂತು. ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿ ಅದು. ಬೇಸಿಗೆಯಲ್ಲಿ ಹುಡುಗರು ಅದರಲ್ಲಿ ಈಸು ಕಲಿಯುತ್ತಿದ್ದರು. ಪಂಪಿನ ಎಂಜಿನ್ ಹಚ್ಚಿದರೆ ಅದೇ ನೀರು ಓಣಿಯ ದೊಡ್ಡ ತೊಟ್ಟಿಗೆ, ಹೌದಿಗೆ, ಏರಿ ಮನೆಮನೆಯ ಕೊಡ ತುಂಬುತ್ತಿತ್ತು. ಗಲಭೆಯ ದಿನಗಳಿಂದ ಅದರ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ಕಿರಾಣಿ ಅಂಗಡಿಯ ಮನ್ಮಥಪ್ಪನ ಹತ್ತಿರ ಇತ್ತು. ಗಲಭೆಯ ಆ ದಿನಗಳಲ್ಲಿ ನವೊಮಿ ಚೊಚ್ಚಲ ಬಾಣಂತನಕ್ಕೆ ನೌಬಾದದ ತವರಿನಲ್ಲಿದ್ದಳು. ಶಾಲೆ ಮುಚ್ಚಿದ್ದರಿಂದ ಗಂಡನೂ ಜೊತೆಗಿದ್ದ.

“ನಿಮ್ಮ ಕೆಂಪು ದವಾ ಹಾಕಿ ಒಮ್ಮಿ ಸಾಫ್ ಮಾಡಿಕೊಡ್ರಿ ಬಾಯಿ” ಎಂದು ಮನ್ಮಥಪ್ಪ ತಾನೇ ಮನೆಗೆ ಬಂದು ಕೇಳಿದ್ದ.

ಅವಳ ಕೆಲಸದ ಲೆಕ್ಕ ಸರಳ. ಹರಳುಗಳನ್ನು ಬಕೆಟ್ಟಿನಲ್ಲಿ ಕರಗಿಸಿ ಸಂಜೆ ಬಾವಿಗೆ ಬಿಟ್ಟು ಕಲಕಬೇಕು. ಬೆಳಿಗ್ಗೆ ನೀರಿನಲ್ಲಿ ತೆಳು ಗುಲಾಬಿ ಉಳಿದಿದ್ದರೆ ಬಾವಿ ಶುದ್ಧ, ಎಂಜಿನ್ ಹಚ್ಚಬಹುದು. ಬಣ್ಣ ಮಾಯವಾಗಿದ್ದರೆ ಒಳಗಿನ ಕೊಳೆ ಔಷಧವನ್ನು ತಿಂದಿದೆ ಎಂದರ್ಥ. ಮತ್ತೆ ಹಾಕಬೇಕು.

ಮೊದಲ ಬೆಳಿಗ್ಗೆ ಗುಲಾಬಿ ಬಣ್ಣವಿರಲಿಲ್ಲ. ನೀರು ಕಂದಾಗಿ ಕೂತಿತ್ತು. ಮತ್ತೆ ಹಾಕಿದಳು. ಮರುದಿನವೂ ಅಷ್ಟೇ. ಆಮೇಲೆ ಸಂಜೆ ಹಾಕಿದ ಕೆಂಪು ಕತ್ತಲಾಗುವುದರೊಳಗೇ ಹೋಗತೊಡಗಿತು.

“ಬಾಯಾರ, ಈ ಬಾವಿ ಎಲಿ ಅಡಿಕಿ ತಿಂದು ಹಂಗೇ ನುಂಗಲತ್ತದ ನೋಡ್ರಿ” ಎಂದ ಎಂಜಿನ್ ನೋಡಿಕೊಳ್ಳುವ ಪಂಢರಿ.

“ನುಂಗಲಿ ಬಿಡೋ. ನಿನ್ನಂಗ ಓಣಿ ತುಂಬ ಉಗುಳ್ಕೋತ ತಿರಗೋದಕಿಂತ ಚಲೋನೇ ಅಲ್ಲ?”

ಪಂಢರಿ ನಕ್ಕ. ಆದರೆ ಬಾವಿಯ ಕಡೆಗೆ ನೋಡಲಿಲ್ಲ.

ದಿನಾ ಬೆಳಿಗ್ಗೆ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದವಳು ಮುದುಕಿ ಹುಸೇನಬಿ. ಅವಳ ಮಗ ಮಕ್ಸೂದ ಓಣಿಯ ಹುಡುಗರ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಈಸು ಕಲಿಸಿದವನು. ಗಲಭೆಯಲ್ಲಿ ತಪ್ಪಿಸಿಕೊಂಡು ಹೈದರಾಬಾದಿಗೆ ಹೋಗಿದ್ದಾನೆ ಎಂದು ಓಣಿಯವರೆಲ್ಲ ಹೇಳುತ್ತಿದ್ದರು.

“ನಿಂತದೇನ ಬೇಟಿ, ಬಣ್ಣ?”

“ಇನ್ನಾ ಇಲ್ಲ ಖಾಲಾ.”

“ಜಲ್ದಿ ಮಾಡವ್ವ. ಬಾವಿ ತೆರದಾರಂತ ಕಿವಿಗಿ ಬಿದ್ರ ಸಾಕು, ನಮ್ಮವ ಅಲ್ಲಿ ನಿಲ್ಲಂಗಿಲ್ಲ. ನೀರು ಕಂಡ್ರ ಮೀನಾಗ್ತಾನ ಅವ.”

ಮನ್ಮಥಪ್ಪನದು ಒಂದೇ ಮಾತು: “ಡಬ್ಬಿ ಪೂರಾ ಸುರೀರಿ ಬಾಯಿ. ಹೋಗೇ ಹೋಗ್ತದ.”

“ಏನು ಹೋಗ್ತದರಿ?”

“ಹೊಲಸು.”

ಯುಗಾದಿಯ ಹಿಂದಿನ ದಿನ ಅವಳು ಡಬ್ಬಿಯ ಮುಚ್ಚಳ ಹಾಕಿದಳು. “ಸಾಕು. ಇದು ಎಲಿ ತಪ್ಪಲದ ಹೊಲಸಲ್ಲ. ಒಳಗ ಆಡೋ ಕುರಿನೋ ಬಿದ್ದದ. ಪಂಢರಿ, ಪಾತಾಳಗರಡಿ ಬಿಡು.” ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಆ ಗೊಂಚಲನ್ನು ಪಂಢರಿ ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ.

“ನನ್ನ ಕಡಿಂದ ಆಗಂಗಿಲ್ಲರಿ.”

“ಯಾಕೋ?”

“ಸಾವ್ಕಾರ್ರಿಗಿ ಕೇಳ್ರಿ.”

ಬೀಗ ತೆಗೆಯಲು ಬಂದಿದ್ದ ಮನ್ಮಥಪ್ಪ ಎರಡು ಹೆಜ್ಜೆ ಮುಂದೆ ಬಂದ. “ಬಣ್ಣದ ಉಸಾಬರಿ ಸಾಕು. ಎಂಜಿನ್ ಹಚ್ಚು ಪಂಢರಿ. ನಾಳಿ ಹಬ್ಬ.”

ನವೊಮಿ ಮಗಳನ್ನೆತ್ತಿಕೊಂಡು ಎಂಜಿನ್ನಿಗೆ ಅಡ್ಡ ನಿಂತಳು. “ಹೌದಿನ ನೀರು ನನ್ನ ಕೂಸೂ ಕುಡೀತದರಿ. ಒಳಗ ಏನದ ಹೇಳ್ರಿ, ಆಮ್ಯಾಲ ಹಚ್ಚರಿ.”

ಮನ್ಮಥಪ್ಪ ಮೆಟ್ಟಿಲ ಮೇಲೆ ಕೂತ. “‘ಏನು’ ಅನಬ್ಯಾಡ್ರಿ ಬಾಯಿ,” ಎಂದ. “‘ಯಾರು’ ಅನ್ರಿ.”

ನವೊಮಿಯ ಕೈ ತಾನಾಗಿ ಮಗಳ ಮುಖವನ್ನು ಹೆಗಲಿಗೆ ಒತ್ತಿಕೊಂಡಿತು. ದಿನಾ ಬೆಳಿಗ್ಗೆ ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದಳು ಆ ನೀರನ್ನು. ಬೆರಳಿನಿಂದ ನಾಲಿಗೆಗೆ ಹಚ್ಚಿಯೂ ನೋಡಿದ್ದಳು.

“ರಜಾಕಾರರು ನನ್ನ ಅಂಗಡಿ ಸುಟ್ಟಾಗ ಹುಸೇನಬಿ ಮಗನೇ ಕೊಡ ಹೊತ್ತು ಬೆಂಕಿ ಆರಿಸಿದ್ದ,” ಮನ್ಮಥಪ್ಪ ಬಾವಿಗೇ ಹೇಳುವಂತೆ ಹೇಳಿದ. “ಮಿಲಿಟ್ರಿ ಬಂದ ಮ್ಯಾಲ ಹೊರಗಿನ ಗುಂಪು ಬಂತು. ಅವ ಓಡಿ ಬಂದು ನಮ್ಮ ಬಾಗಲಾ ಬಡದ. ನಾ ತೆಗೀಲಿಲ್ಲ. ಸಂದಿನಾಗಿಂದ ನೋಡ್ಕೋತ ನಿಂತೆ. ಈಸು ಬರ್ತದಂತ ಗೊತ್ತಿತ್ತು ಅವರಿಗಿ... ಕಲ್ಲು ಕಟ್ಟಿದ್ರು.”

“ಮತ್ತ ಯಾರಿಗಿ ಗೊತ್ತದರಿ ಇದು?”

“ಓಣಿಗೆಲ್ಲ ಗೊತ್ತದ. ನಿಮಗೊಬ್ರಿಗೇ ಗೊತ್ತಿದ್ದಿಲ್ಲ. ದವಾ ಹಾಕಿದ್ರ ಎಲ್ಲಾ ತೊಳದು ಹೋಗ್ತದ ಅಂತ...”

“ನನಗೊಬ್ಬಾಕಿಗೇ ಏನ್ರಿ?” ಎನ್ನುತ್ತ ನವೊಮಿ ಬಾಗಿಲ ಕಡೆ ತಿರುಗಿದಳು. ಹುಸೇನಬಿ ಅಲ್ಲಿ ನಿಂತಿದ್ದಳು, ಹಬ್ಬದ ಮೊದಲ ನೀರಿಗೆಂದು ಬೆಳಗಿದ ಕೊಡ ಹಿಡಿದು.

ಮಗಳನ್ನು ಪಂಢರಿಯ ಕೈಗೆ ಕೊಟ್ಟು ನವೊಮಿ ಓಡಿದಳು. ಮುದುಕಿಯ ಎರಡೂ ಮುಂಗೈ ಹಿಡಿದುಕೊಂಡಳು. “ಖಾಲಾ, ಬಣ್ಣ ಯಾಕ ನಿಲ್ಲವಲ್ದು ಅಂದ್ರ...”

“ಕೇಳಿದೆ ಬೇಟಿ.”

ಹುಸೇನಬಿ ಒಂದೊಂದೇ ಮೆಟ್ಟಿಲಿಳಿದು ಮನ್ಮಥಪ್ಪನ ಎದುರು ನಿಂತಳು.

“ಮನ್ಮಥಾ, ಸಂಕ್ರಾಂತಿ ಮುಂದ ನೀ ಮಾಲ ತರಲಾಕ ಹೈದರಾಬಾದಕ ಹೋದಿ. ಮಕ್ಸೂದಗ ಅಂತ ಒಂದು ಅಂಗಿ ಹೊಲಿಸಿ ಕೊಟ್ಟಿದ್ದೆ ನಿನ್ನ ಕೈಯಾಗ. ಬಂದು ಏನಂದಿ? ‘ಅಳತಿ ಬರೋಬ್ಬರಿ ಅದ ಖಾಲಾ, ಹಾಕ್ಕೊಂಡು ನಕ್ಕ’ ಅಂದಿ.”

ಹುಸೇನಬಿ ಕೊಡ ಕೆಳಗಿಟ್ಟಳು.

“ಅಂಗಿ ಎಲ್ಲದ?”

ಅವನು ಎದ್ದು ಹೋದ. ಅಂಗಡಿಯ ಮೇಲಿನ ಹಲಗೆಯಿಂದ ಅದನ್ನು ತಂದ. ಮಡಿಕೆ ಬಿಚ್ಚಿರಲಿಲ್ಲ.

ಎಂಜಿನ್ ಹಚ್ಚಲಿಲ್ಲ. ಎತ್ತು ಕಟ್ಟಿ ತೊಗಲಿನ ಮೋಟದಿಂದ ನೀರೆತ್ತಿ ಬಯಲಿಗೆ ಸುರಿದರು. ಓಣಿಯ ಗಂಡಸರೆಲ್ಲ ಹಗ್ಗಕ್ಕೆ ಕೈ ಹಚ್ಚಿದರು, ಯಾರೂ ಯಾರ ಮುಖ ನೋಡಲಿಲ್ಲ. ಹಬ್ಬದ ದಿನ ಇಳಿಹೊತ್ತಿಗೆ ಕೆಸರಿನಿಂದ ಎತ್ತಿದ್ದನ್ನು ಚಾಪೆಯ ಮೇಲೆ ಇಟ್ಟರು. ಹುಸೇನಬಿ ಅದರ ಮೇಲೆ ಅಂಗಿ ಹಾಸಿದಳು.

ಅಂಗಿ ದೊಡ್ಡದಾಯಿತು. ತೋಳುಗಳು ಎರಡೂ ಕಡೆ ಹೊರಗೆ ಚಾಚಿ ಬಿದ್ದವು. ನವೊಮಿ ಮೊಣಕಾಲೂರಿ ಕೂತು, ಮಗಳ ಅಂಗಿಯನ್ನು ಮಡಚುವಂತೆ, ಅವನ್ನು ಮೆಲ್ಲಗೆ ಒಳಕ್ಕೆ ಮಡಚಿದಳು.