ಕಾಕಾ ಕಡೆದ ಕರ್ಲಿಂಗ್ ಕಲ್ಲು

ನನ್ನನ್ನು ಕರ್ಲಿಂಗ್ ಆಡಲು ಕರೆದದ್ದು ನಾನು ಆಟಗಾರ್ತಿ ಎಂದಲ್ಲ, ತಂಡಕ್ಕೆ ನಾಲ್ಕನೆಯವರು ಸಿಕ್ಕಿರಲಿಲ್ಲ ಎಂದು. ಸಿಂಗಾಪುರದ ರಾಫೆಲ್ಸ್ ಪ್ಲೇಸಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಲ್ಲಿ ನನ್ನ ಮಹಡಿಯಲ್ಲೇ ಕೆನಡಾದಿಂದ ಬಂದ ಮ್ಯಾನೇಜರ್ ಒಬ್ಬರಿದ್ದರು. ಐವತ್ತು ದಾಟಿದ ಹೆಂಗಸು, ಲಿಫ್ಟ್ ಹತ್ತುತ್ತಿರಲಿಲ್ಲ. ಸಿಂಗಾಪುರಕ್ಕೆ ವರ್ಗವಾದಾಗ ಮನೆ ಸಾಮಾನಿನ ಜೊತೆ ತಮ್ಮೂರಿನ ಕ್ಲಬ್ಬು ಕೈಬಿಟ್ಟಿದ್ದ ಎಂಟು ಕರ್ಲಿಂಗ್ ಕಲ್ಲುಗಳನ್ನೂ ಹಡಗಿಗೆ ಹಾಕಿಸಿಕೊಂಡು ಬಂದಿದ್ದರು. ಇಳಿಸುವಾಗ ಒಂದು ಬಿದ್ದು ಬಿರುಕುಬಿಟ್ಟಿತು, ಏಳು ಉಳಿದವು. ನಮ್ಮ ಮನೆಯಿದ್ದ ಬುಕಿತ್ ಬಾಟೋಕ್‌ನಿಂದ ಹೆಚ್ಚು ದೂರವಲ್ಲದ, ಮಂಜುಗಡ್ಡೆ ಹಾಸಿದ ಒಂದು ಸ್ಕೇಟಿಂಗ್ ರಿಂಕನ್ನು ಅವರು ಭಾನುವಾರ ಬೆಳಿಗ್ಗೆ, ಮಕ್ಕಳು ಬರುವ ಮೊದಲು, ಬಾಡಿಗೆಗೆ ಹಿಡಿದಿದ್ದರು.

ಆಟ ಕೇಳಲು ಸುಲಭ. ಹಿಡಿಕೆಯಿರುವ ದುಂಡನೆಯ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ಆಚೆ ತುದಿಯಲ್ಲಿ ಬರೆದ ವೃತ್ತಗಳ ನಡುವಿಗೆ ತಲುಪಿಸಬೇಕು. ಎದುರಾಳಿಯ ಕಲ್ಲಿಗಿಂತ ನಮ್ಮದು ನಡುವಿಗೆ ಹತ್ತಿರ ನಿಂತರೆ ಅಂಕ. ಬಿಡುವಾಗ ಹಿಡಿಕೆಯನ್ನು ತುಸು ತಿರುವಿದರೆ ಕಲ್ಲು ಕೊನೆಯಲ್ಲಿ ಬಾಗಿ ಹೋಗುತ್ತದೆ. ಆಟದ ಹೆಸರು ಬಂದದ್ದೇ ಆ ಬಾಗುವಿಕೆಯಿಂದ. ಕಲ್ಲು ಹೊರಟ ಮೇಲೆ ಇಬ್ಬರು ಅದರ ಮುಂದೆ ಮುಂದೆ ಸರಿಯುತ್ತ ಬ್ರಷ್ಷಿನಿಂದ ಮಂಜನ್ನು ಉಜ್ಜುತ್ತಾರೆ. ಚೆನ್ನಾಗಿ ಉಜ್ಜಿದರೆ ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೆಟ್ಟಗೆ ಹೋಗುತ್ತದೆ.

ಕಸ ಗುಡಿಸಿದಂತೆ ಇದೇನು ಮಹಾ ಎಂದುಕೊಂಡು ಮೊದಲ ಭಾನುವಾರ ಬ್ರಷ್ ಹಿಡಿದೆ. ಎರಡು ಕಲ್ಲಿಗೆ ಉಜ್ಜುವಷ್ಟರಲ್ಲಿ ಎದೆ ನಗಾರಿಯಾಯಿತು. ಮಂಜಿನ ಮೇಲೆ ನಿಂತು ಬೆವತೆ. ಮೂರನೆಯದಕ್ಕೆ ಕಾಲು ನಡುಗಿ ಗೋಡೆ ಹಿಡಿದು ನಿಂತುಬಿಟ್ಟೆ. ಆಗ ನನಗೆ ಮೂವತ್ತೇಳು. ಮಗಳು ಹುಟ್ಟಿದಾಗಿನಿಂದ ಸೊಂಟ ನೋವು, ದಿನವಿಡೀ ಕುರ್ಚಿ, ಎಂಆರ್‌ಟಿ ರೈಲಿನಲ್ಲಿ ಸೀಟು ಸಿಕ್ಕರೆ ನಿದ್ದೆ. ಕ್ಯಾಪ್ಟನ್ (ಆ ಮ್ಯಾನೇಜರನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದೆವು) ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊದಲು ಕಾಲು, ಆಮೇಲೆ ಉಸಿರು, ಕೈ ಕೊನೆಗೆ, ಈ ಕ್ರಮದಲ್ಲಿ ತಯಾರಾಗು ಎಂದರು.

ಅಂದಿನಿಂದ ಕೆಲಸ ಮುಗಿಸಿ ಬಂದು ನಮ್ಮ ಬ್ಲಾಕಿನ ಮೆಟ್ಟಿಲು ಹತ್ತತೊಡಗಿದೆ. ಆಮೇಲೆ ಕಟ್ಟಡದ ಅಡಿಯಲ್ಲಿ ತೆರೆದು ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ, ಕಂಬ ಹಿಡಿದು, ಒಂದು ಕಾಲು ಮುಂದಿಟ್ಟು ಮಂಡಿ ಬಾಗಿಸಿ ಕೂರುವುದು. ಕಲ್ಲು ಬಿಡುವ ಭಂಗಿಯೇ ಅದು. ಎದುರಿಗಿದ್ದ ಕಲ್ಲುಮೇಜಿನಲ್ಲಿ ಚದುರಂಗ ಆಡುತ್ತಿದ್ದ ಚೀನೀ ಅಂಕಲ್‌ಗಳು ಮೊದಮೊದಲು ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದರು, ತಿಂಗಳು ಕಳೆದ ಮೇಲೆ ತಲೆ ಆಡಿಸತೊಡಗಿದರು. ಏಳು ವರ್ಷದ ಮಗಳು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ನಾನು ಮಂಡಿಯನ್ನು ಅರ್ಧಕ್ಕೇ ಬಾಗಿಸಿ ಎದ್ದರೆ, "ಅಮ್ಮಾ, ಚೀಟ್ ಮಾಡಬೇಡ ಲಾ, ಅದು ಕೌಂಟ್ ಆಗಲ್ಲ" ಎನ್ನುವಳು. ಗಂಡ ಅಡುಗೆಮನೆ ವಹಿಸಿಕೊಂಡರು. ಆರು ತಿಂಗಳಲ್ಲಿ ಸೊಂಟದ ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾನೀಗ ಇಡೀ ಆಟಕ್ಕೆ ಉಜ್ಜಬಲ್ಲವಳಾಗಿದ್ದೆ.

ಆ ಹೊತ್ತಿಗೆ ಕಾಕಾ ಬಂದರು.

ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿ ಓದಿಸಿದವರು ಅಪ್ಪನ ತಮ್ಮ. ಇಳಕಲ್ಲಿನಲ್ಲಿ ಅವರದೊಂದು ಗ್ರಾನೈಟ್ ಪಾಲಿಶ್ ಫ್ಯಾಕ್ಟರಿ. ನಮ್ಮೂರ ಕೆಂಪು ಕಲ್ಲಿಗೆ ಆ ವರ್ಷಗಳಲ್ಲಿ ದೇಶದೇಶದಿಂದ ಬೇಡಿಕೆ. ಸಿಂಗಾಪುರದಲ್ಲಂತೂ ಎತ್ತ ನೋಡಿದರೂ ಕ್ರೇನು. ಕೊಳ್ಳುವವರನ್ನು ನೋಡಿಕೊಂಡು ಹೋಗಲು ಬಂದ ಕಾಕಾ ನಮ್ಮ ಮನೆಯಲ್ಲೇ ಇಳಿದುಕೊಂಡರು. ರಾಫೆಲ್ಸ್ ಪ್ಲೇಸ್ ತೋರಿಸಲು ಕರೆದುಕೊಂಡು ಹೋದರೆ ಅವರು ತಲೆಯೆತ್ತಿ ಒಂದು ಕಟ್ಟಡವನ್ನೂ ನೋಡಲಿಲ್ಲ. ನೆಲ ನೋಡುತ್ತ ನಡೆದರು. ಒಂದು ಬ್ಯಾಂಕಿನ ಲಾಬಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಾಸುಗಲ್ಲಿನ ಮೇಲೆ ಅಂಗೈ ಸವರಿದಾಗ ಕಾವಲಿನವನು ಓಡಿ ಬಂದ. ಏನೂ ಇಲ್ಲ, ಕಲ್ಲು ನೋಡುತ್ತಿದ್ದಾರೆ ಎಂದು ನಾನು ಅವನನ್ನು ಒಪ್ಪಿಸಬೇಕಾಯಿತು.

ಭಾನುವಾರ ಅವರನ್ನು ರಿಂಕಿಗೆ ಕರೆದೊಯ್ಯುವಾಗ ನನಗೆ ಒಳಗೊಳಗೇ ಅಳುಕಿತ್ತು. ಕಾರಣ ಹಳೆಯದು. ಏಳನೆಯ ಇಯತ್ತೆಯವರೆಗೆ ನಾನು ಶಾಲೆಯ ಖೋ ಖೋ ತಂಡದಲ್ಲಿದ್ದೆ, ಚೆನ್ನಾಗಿ ಓಡುತ್ತಿದ್ದೆ. ದೊಡ್ಡವಳಾದ ಮೇಲೆ ಕಾಕಾ ಮಾಸ್ತರರ ಮನೆಗೆ ಹೋಗಿ, ಇನ್ನು ನಮ್ಮ ಹುಡುಗಿ ಆಡುವುದಿಲ್ಲ ಎಂದು ಹೇಳಿಬಂದರು. ನಾನು ಎರಡು ದಿನ ಉಣ್ಣಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಓದಿಗೆ ಮಾತ್ರ ಅವರು ಯಾವತ್ತೂ ಕೊರತೆ ಮಾಡಲಿಲ್ಲ.

ನನ್ನ ಗಂಡನ ಜಾಕೆಟ್ಟಿನ ಮೇಲೆ ಶಾಲು ಹೊದ್ದು ಕಾಕಾ ಕಟಕಟೆಯಾಚೆ ನಿಂತರು. ನಾನು ಮಂಜಿಗೆ ಊರಿದ ರಬ್ಬರಿನ ಮೆಟ್ಟಿಗೆ ಕಾಲೊತ್ತಿ, ಮಂಜಿಗೆ ಎದೆ ತಾಗುವಷ್ಟು ಬಗ್ಗಿ, ಕಲ್ಲಿನೊಂದಿಗೆ ಜಾರಿ ಹೋದೆ. ಕೈಬಿಟ್ಟ ಕಲ್ಲು ಆಚೆ ತುದಿಯಲ್ಲಿ ಎಡಕ್ಕೆ ವಾಲಿ ವೃತ್ತದೊಳಗೆ ನಿಂತಿತು. ಎದ್ದು ತಿರುಗಿ ನೋಡಿದೆ. ಕಾಕಾ ಆಟ ಮುಗಿಯುವವರೆಗೂ ಕಲ್ಲುಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮಂಜಿನ ಮೇಲೆ ನಿಧಾನ ಕಾಲಿಡುತ್ತ ಬಂದು, ಒಂದು ಕಲ್ಲನ್ನು ಮಗ್ಗುಲಿಗೆ ಉರುಳಿಸಿ ತಳ ನೋಡಿದರು.

"ಯವ್ವಾ, ಇದು ಪೂರಾ ನೆಲಕ್ಕ ಕೂಡಂಗಿಲ್ಲ ನೋಡು. ನಡುವ ಬಟ್ಟಲದಂಗ ತಗ್ಗೈತಿ. ಬಳಿಯಂಥ ಅಂಚು ಅಷ್ಟ ತಾಗತೈತಿ."

ಕ್ಯಾಪ್ಟನ್ ಹತ್ತಿರ ಬಂದರು. ನಾನು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಿದೆ. ಈ ಕಲ್ಲು ಸ್ಕಾಟ್ಲೆಂಡಿನ ಒಂದು ಪುಟ್ಟ ದ್ವೀಪದ್ದು, ಇದರ ಕಣ ಬಹಳ ಸಣ್ಣದು, ನೀರು ಕುಡಿಯುವುದಿಲ್ಲ, ನೀರು ಕುಡಿಯುವ ಕಲ್ಲಾದರೆ ಆ ನೀರು ಒಳಗೇ ಹೆಪ್ಪುಗಟ್ಟಿ ಅಂಚು ಸಿಡಿಯುತ್ತದೆ ಎಂದು ಅವರು ವಿವರಿಸಿದರು. ನಮ್ಮ ಕೆಂಪು ಕಲ್ಲೂ ನೀರು ಕುಡಿಯುವುದಿಲ್ಲ ಎಂದು ಕಾಕಾ ಎದೆ ಸೆಟೆಸಿ ಹೇಳಿದರು. ಕ್ಯಾಪ್ಟನ್ ನಕ್ಕು, ಹಾಗಾದರೆ ನಮಗೊಂದು ಕಲ್ಲು ಕಡಿಮೆಯಿದೆ, ಎರಡು ತಂಡಕ್ಕೆ ಸಮ ಆಗುತ್ತಿಲ್ಲ ಎಂದರು. ಅಷ್ಟು ಸಾಕಾಯಿತು. ಆ ಮಧ್ಯಾಹ್ನ ಕಾಕಾ ನನ್ನ ಮಗಳ ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟನ್ನು ಕತ್ತರಿಸಿ, ಕ್ಯಾಪ್ಟನ್ ಕೊಟ್ಟು ಕಳಿಸಿದ ಒಡೆದ ಕಲ್ಲಿನ ಮೈಗೆ ಹಿಡಿದರು. ಅದರ ಉಬ್ಬು, ತಗ್ಗು, ಅಂಚಿನ ಅಗಲ ಎಲ್ಲಕ್ಕೂ ಒಂದೊಂದು ಅಚ್ಚು ಮಾಡಿಕೊಂಡರು.

ಕೆಲವು ತಿಂಗಳಾದ ಮೇಲೆ, ಕೊಳ್ಳುವವರಿಗೆ ಕಳಿಸಿದ ಮಾದರಿ ಕಲ್ಲುಗಳ ಪೆಟ್ಟಿಗೆಯಲ್ಲೇ ನಮ್ಮದೂ ಬಂತು. ಗೋಣಿತಾಟು ಬಿಚ್ಚಿದರೆ ದಾಳಿಂಬೆ ಕಾಳಿನ ಕೆಂಪು, ನಡುನಡುವೆ ಕಪ್ಪು ಚುಕ್ಕೆ, ಮುಖ ಕಾಣುವ ಪಾಲಿಶ್. ಬೂದು ಬಣ್ಣದ ಏಳರ ನಡುವೆ ಅದು ಮದುವೆಗೆ ಬಂದ ನೆಂಟನ ಹಾಗಿತ್ತು. ಒಡೆದ ಕಲ್ಲಿನ ಹಿಡಿಕೆಯನ್ನು ಅದಕ್ಕೆ ಕೂರಿಸಿ ಮಂಜಿಗೆ ಬಿಟ್ಟೆವು. ಹೋಯಿತು, ಆದರೆ ಬಾಗಲಿಲ್ಲ. ಎಷ್ಟು ತಿರುವಿ ಬಿಟ್ಟರೂ ನೆಟ್ಟಗೆ ಹೋಗಿ ಹಿಂದಿನ ಹಲಗೆಗೆ ಬಡಿಯಿತು. ಅಂಚಿಗೂ ಕನ್ನಡಿಯಂಥ ಪಾಲಿಶ್ ಹಾಕಿದ್ದೇ ತಪ್ಪು, ಅಲ್ಲಿ ಸ್ವಲ್ಪ ಒರಟು ಇರಬೇಕು ಎಂದರು ಕ್ಯಾಪ್ಟನ್. ಮರಳು ಕಾಗದ ಹಾಕಿ ಉಜ್ಜಿದೆವು. ಬಾಗತೊಡಗಿತು. ಆದರೆ ಕೆಲವು ವಾರಗಳಲ್ಲೇ ಅಂಚಿನಿಂದ ಸಕ್ಕರೆ ಹರಳಿನಷ್ಟು ಚೂರುಗಳು ಏಳತೊಡಗಿದವು. ನಮ್ಮ ಕಲ್ಲು ನೀರು ಕುಡಿಯುತ್ತಿತ್ತು.

ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಹೇಳಿದೆ. ಆ ಕಡೆ ಫ್ಯಾಕ್ಟರಿಯ ಗರಗಸದ ಸದ್ದು ಕೇಳಿಸುತ್ತಿತ್ತು. ಸಿಟ್ಟಾಗುವರೇನೋ ಎಂದುಕೊಂಡಿದ್ದೆ. ಕಾಕಾ ಕೇಳಿದ್ದು ಒಂದೇ: ಕ್ಯಾಪ್ಟನ್ ಊರಿನಲ್ಲಿ ಅಂಚು ಸವೆದ ಕಲ್ಲನ್ನು ಏನು ಮಾಡುತ್ತಾರೆ, ಬಿಸಾಡುತ್ತಾರೋ? ಮರುದಿನ ಕ್ಯಾಪ್ಟನ್ನರನ್ನು ಕೇಳಿದೆ. ಬಿಸಾಡುವುದಿಲ್ಲವಂತೆ. ತಳದಲ್ಲಿ ಬಿಲ್ಲೆಯಷ್ಟು ಕೊರೆದು ತೆಗೆದು, ಬೇರೆ ಗಟ್ಟಿ ಕಲ್ಲಿನ ಬಿಲ್ಲೆ ಕೂರಿಸುತ್ತಾರಂತೆ. ಅದನ್ನು ಹೇಳಿದಾಗ ಕಾಕಾರ ದನಿ ಏರಿತು. ಕರಿ ಕಲ್ಲು ತಮ್ಮ ಹತ್ತಿರವಿದೆ, ಅದರ ಕಣ ಹಿಟ್ಟಿನಷ್ಟು ಸಣ್ಣದು, ಮೊದಲೇ ಹೊಳೆಯಬೇಕಿತ್ತು ಎಂದರು.

ಮುಂದಿನ ಸಲ ಬಂದಾಗ ಅವರ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಕಪ್ಪು ಬಿಲ್ಲೆಯೂ, ಕಲ್ಲು ಅಂಟಿಸುವ ಅಂಟೂ, ಕೈಯಲ್ಲಿ ಹಿಡಿಯುವ ಕೊರೆಯುವ ಯಂತ್ರವೂ ಇದ್ದವು. ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗದಲ್ಲಿ ಪೇಪರ್ ಹಾಸಿ, ನೀರು ಬಿಡುತ್ತ ಬಿಡುತ್ತ ಎರಡು ದಿನ ಕೆಂಪು ಕಲ್ಲಿನ ತಳ ಕೊರೆದರು. ಬ್ಯಾಂಕಿಗೆ ರಜೆ ಹಾಕಿ ನಾನು ಕಲ್ಲನ್ನು ಅಲುಗದಂತೆ ಹಿಡಿದು ಕೂತಿದ್ದೆ. ಇಬ್ಬರ ಮೊಣಕೈವರೆಗೂ ಕೆಸರು. ಬಿಲ್ಲೆ ಕೂರಿಸಿ ಅಂಟು ಒಣಗಲು ಬಿಟ್ಟ ಮೇಲೆ ಕಾಕಾ ಕೈ ತೊಳೆದು, ಚಹಾ ಲೋಟ ಹಿಡಿದು ಅಲ್ಲೇ ನೆಲದ ಮೇಲೆ ಕೂತರು.

"ಅವತ್ತು ನಿನ್ನ ಖೋ ಖೋ ಬಿಡಿಸಿದ್ನಲ್ಲ," ಎಂದರು, ಕಲ್ಲನ್ನೇ ನೋಡುತ್ತ. "ಮಾಸ್ತರ ನನಗ ಬೇಡ್ಕೊಂಡ. ಒಳ್ಳೆ ಹುಡಿಗಿ, ಬಿಡಿಸಬ್ಯಾಡ್ರಿ ಅಂದ. ನಾ ಕೇಳಲಿಲ್ಲ. ಅಣ್ಣ ಇಲ್ಲದ ಮನಿ, ಮಂದಿ ಏನಂತಾರ ಅಂತ ಅಂಜಿದೆ. ತಪ್ಪ ಮಾಡಿದೆ, ಯವ್ವಾ."

ಮಾಸ್ತರರು ಬೇಡಿಕೊಂಡಿದ್ದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ನಾನು ಅಷ್ಟೇನೂ ಚೆನ್ನಾಗಿ ಆಡುತ್ತಿರಲಿಲ್ಲವೇನೋ, ಅದಕ್ಕೇ ಯಾರೂ ತಡೆಯಲಿಲ್ಲ ಎಂದುಕೊಂಡಿದ್ದೆ.

"ಮಾಸ್ತರು ಹಂಗಂದ್ರಾ?" ಎಂದೆ.

"ಎರಡ ಸಲ ಮನಿಗೆ ಬಂದಿದ್ದ," ಎಂದರು.

ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

ಆ ಭಾನುವಾರ ನಮಗೆ ಪಂದ್ಯವಿತ್ತು. ಸಿಂಗಾಪುರದಲ್ಲಿ ಕಟ್ಟಡ ಕಟ್ಟಲು ಬಂದಿದ್ದ ಕೊರಿಯಾದ ನಾಲ್ವರು ಎಂಜಿನಿಯರುಗಳು, ತಮ್ಮ ದೇಶದಲ್ಲಿ ಕಾಲೇಜು ದಿನಗಳಲ್ಲಿ ಕರ್ಲಿಂಗ್ ಆಡಿದವರು, ನಮ್ಮ ಸುದ್ದಿ ಕೇಳಿ ಆಡಲು ಬಂದಿದ್ದರು. ಈಗ ಎಂಟು ಕಲ್ಲು, ತಂಡಕ್ಕೆ ನಾಲ್ಕು. ಕೆಂಪು ಕಲ್ಲು ಯಾರಿಗೆ ಎಂದು ನಾಣ್ಯ ಚಿಮ್ಮಿದರೆ ಅದು ಅವರ ಪಾಲಿಗೆ ಹೋಯಿತು. ಕಾಕಾರ ಮುಖ ಸಪ್ಪಗಾದದ್ದನ್ನು ದೂರದಿಂದಲೇ ಕಂಡೆ.

ಆಟ ಬಿಗಿಯಾಗಿತ್ತು. ನಾನು ಆವತ್ತು ಉಜ್ಜಿದಷ್ಟು ಹಿಂದೆಂದೂ ಉಜ್ಜಿರಲಿಲ್ಲ, ಆದರೂ ಉಸಿರು ಕೈಕೊಡಲಿಲ್ಲ. ಕೊನೆಯ ಸುತ್ತಿನಲ್ಲಿ ಅಂಕ ಸಮ. ನನ್ನ ಕಲ್ಲು ವೃತ್ತದ ನಡುವಿಗೆ ಅಂಗೈ ದೂರದಲ್ಲಿ ನಿಂತಿತು. ಅದರ ಮುಂದೆ ನಮ್ಮದೇ ಇನ್ನೊಂದು ಕಲ್ಲು ಕಾವಲು. ಗೆದ್ದೆವೆಂದೇ ನಾನು ತಿಳಿದೆ. ಅವರಿಗೆ ಉಳಿದಿದ್ದದ್ದು ಕೆಂಪು ಕಲ್ಲೊಂದೇ. ಅವರ ನಾಯಕ ಅದನ್ನು ನಿಧಾನವಾಗಿ ಬಿಟ್ಟ. ಅದು ಕಾವಲಿನ ಕಲ್ಲಿನ ಪಕ್ಕದಿಂದ ಹೊರಗೆ ಹೋಗುವಂತೆ ಕಂಡು, ಕೊನೆಯ ಹಂತದಲ್ಲಿ ಒಳಕ್ಕೆ ಬಾಗಿತು. ಮೆಲ್ಲಗೆ, ಚೆಂದವಾಗಿ ಬಾಗಿ ಬಂದು ನನ್ನ ಕಲ್ಲನ್ನು ತಳ್ಳಿ ಅದರ ಜಾಗದಲ್ಲಿ ತಾನು ನಿಂತಿತು.

ರಿಂಕಿನಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು. ನೋಡಿದರೆ ಕಾಕಾ. ಅಜ್ಜ ಯಾರ ಕಡೆ ಎಂದು ಮಗಳು ಅವರ ಶಾಲು ಜಗ್ಗಿ ಕೇಳುತ್ತಿದ್ದಳು. ಕ್ಯಾಪ್ಟನ್ ಸೋತ ಬೇಸರವನ್ನು ಮರೆತು ನಗುತ್ತ ಮಂಜಿನ ಮೇಲೆ ಕೂತೇಬಿಟ್ಟರು. ಆ ಕಲ್ಲನ್ನು ಕಡೆದವರು ಇವರೇ ಎಂದು ನಾನು ತಿಳಿಸಿದಾಗ ಕೊರಿಯಾದ ನಾಯಕ ಕಾಕಾರ ಎದುರು ಸೊಂಟ ಬಗ್ಗಿಸಿ, ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡ. ಕಾಕಾ ತಬ್ಬಿಬ್ಬಾಗಿ ತಾವೂ ಬಗ್ಗಿದರು.

ಆಮೇಲೆ ಎಲ್ಲರೂ ಹತ್ತಿರದ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಗೆ ಹೋಗಿ ಎರಡು ಮೇಜು ಜೋಡಿಸಿ ಕೂತೆವು. ಕಾಕಾ ತಮಗೆ ಇಡ್ಲಿ ಸಿಕ್ಕ ಖುಷಿಯಲ್ಲಿ, ಎಂಟೂ ಕೆಂಪಾಗಲು ಇನ್ನೂ ಏಳು ಕಲ್ಲು ಕಡೆಯುವುದಕ್ಕೆ ಎಷ್ಟು ದಿನ ಬೇಕಾದೀತು ಎಂದು ಬೆರಳು ಮಡಿಚುತ್ತಿದ್ದರು. ಕ್ಯಾಪ್ಟನ್, ಬ್ಯಾಂಕಿನಲ್ಲಿ ಇನ್ನೊಂದು ತಂಡ ಮಾಡಬಹುದು, ಹೊಸಬರಿಗೆ ನೀನೇ ಕಲಿಸು ಎಂದು ನನಗೆ ಹೇಳಿದರು. ಕಲಿಸುವಷ್ಟು ನನಗೆ ಬರುತ್ತದೆಯೇ ಎಂದು ಹಿಂಜರಿಯುತ್ತಿದ್ದೆ. ಕಾಕಾ ತಟ್ಟೆಯಿಂದ ತಲೆ ಎತ್ತದೆ, ಕ್ಯಾಪ್ಟನ್ ಏನಂದರು ಎಂದು ವಿಚಾರಿಸಿದರು. ಹೇಳಿದೆ.

"ಹೂಂ ಅನ್ನು," ಎಂದರು.

ನಾನು ಕ್ಯಾಪ್ಟನ್ ಕಡೆಗೆ ತಿರುಗಿ ಹೂಂ ಎಂದೆ.