ಕಡಲೆ ಮಾರುವವಳ ಮುಖದ ವೀನಸ್

ಟಂಕಸಾಲೆಯ ಇಳಿಜಾರಿನಲ್ಲಿ ಹುರಿದ ಕಡಲೆ ಮಾರುತ್ತಿದ್ದ ತೆತ್ತಿಯಾಳಿಗೆ ರೋಮಿನ ದೊಡ್ಡವರೆಂದರೆ ಅಷ್ಟಕ್ಕಷ್ಟೇ. ಅಂಥವರ ಮನೆಯಲ್ಲಿ ಗುಲಾಮಳಾಗಿ ದುಡಿದು ಬಿಡುಗಡೆ ಪಡೆದವಳು; ಅವರ ಒಳಂಗಿ ಒಗೆದವಳಿಗೆ ಅವರ ವಂಶದ ಹಿರಿಮೆಯನ್ನು ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ವರ್ಷ ಟಂಕಸಾಲೆಯ ಅಧಿಕಾರ ಔಲಸ್ ತುಸಿಡಿಯಸ್ ಎಂಬ ಯುವಕನ ಪಾಲಿಗೆ ಬಂತು. ಅವನಜ್ಜ ಹಂದಿ ವ್ಯಾಪಾರಿಯೆಂದು ಪೇಟೆಗೆಲ್ಲ ಗೊತ್ತು. ಅಧಿಕಾರ ಸಿಕ್ಕಿದ್ದೇ ತಡ, ತಾನು ಸಾಕ್ಷಾತ್ ವೀನಸ್ ದೇವಿಯ ಸಂತಾನವೆಂದು ಆತ ಸಾರಿಕೊಂಡ. ದಿನಾರಿ ಎಂಬ ಬೆಳ್ಳಿ ನಾಣ್ಯದ ಒಂದು ಬದಿಗೆ ದೇವಿಯ ಮುಖ, ಇನ್ನೊಂದು ಬದಿಗೆ ಅವಳ ರಥ ಎಳೆಯುವ ರೆಕ್ಕೆಯ ಮಕ್ಕಳು, ಕೆಳಗೆ ತನ್ನ ಹೆಸರು ಎಂದು ಅಪ್ಪಣೆಯಾಯಿತು.

ಅಚ್ಚು ಕೊರೆಯುವ ಗ್ರೀಕ ಫಿಲೆರೋಸ್‌ಗೆ ದೇವಿಯ ಮುಖ ಹುಡುಕುವ ಪುರುಸೊತ್ತಿರಲಿಲ್ಲ. ದಿನಾ ಕಡಲೆ ಕೊಳ್ಳುವಾಗ ಕಾಣುತ್ತಿದ್ದ ಮುಖವನ್ನೇ ಕೊರೆದುಬಿಟ್ಟ: ಗಿಣಿಮೂಗು, ಚಾಚಿದ ಗದ್ದ. ಮುತ್ತಿನ ಹಾರವೊಂದೇ ಸುಳ್ಳು. ತುಸಿಡಿಯಸ್ ತನ್ನ ಹೆಸರಿನ ಅಕ್ಷರಗಳನ್ನಷ್ಟೇ ನೋಡಿ ತಲೆಯಾಡಿಸಿದ.

"ಯಾರ್ಲಾ ಈ ಮುದುಕಿ?" ನಾಣ್ಯ ಕೈಗೆ ಬಂದಾಗ ತೆತ್ತಿಯಾ ಕೇಳಿದಳು.

"ನೀನೇ ಕಣಕ್ಕಾ," ಎಂದ ಫಿಲೆರೋಸ್.

"ಥೂ ನಿನ್ನ! ಹೋಗಿ ಹೋಗಿ ಆ ಹಂದಿಯವನ ಕುಲಕ್ಕೆ ಸೇರಿಸಿದ್ಯಲ್ಲೋ!"

ಮೇಲಿನ ಹುದ್ದೆಯ ಚುನಾವಣೆ ಬಂತು. ಅಭ್ಯರ್ಥಿಗಳ ರೂಢಿಯಂತೆ ಸುಣ್ಣದಲ್ಲಿ ಬೆಳ್ಳಗೆ ಮಾಡಿದ ಟೋಗಾ ಹೊದ್ದು ತುಸಿಡಿಯಸ್ ಹಿಂಬಾಲಕರೊಂದಿಗೆ ಇಳಿಜಾರಿಗೆ ಬಂದ. ಅಡ್ಡವಿದ್ದ ಬಾಣಲೆ ಕಂಡು ಸಿಡುಕಿದ: "ಏಯ್, ಎತ್ತೇ ಇದನ್ನ! ದೊಡ್ಡೋರು ಬರೋ ದಾರಿ ಇದು."

ಮೀನು ಮಾರುವವನೊಬ್ಬ ನಾಣ್ಯವನ್ನೆತ್ತಿ ಅವಳ ಮುಖದ ಪಕ್ಕ ಹಿಡಿದ. "ಸ್ವಾಮೀ, ಸ್ವಂತ ಅಜ್ಜೀನ ಹಂಗೆಲ್ಲ ಗದರಬಾರ್ದು!"

ಬೀದಿಗೆ ಬೀದಿಯೇ ಗೊಳ್ಳೆಂದಿತು. ತೆತ್ತಿಯಾ ಮಾತ್ರ ನಗಲಿಲ್ಲ. ತುಸಿಡಿಯಸ್‌ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನನ್ನ ಹೊಟ್ಟೇಲಿ ಹುಟ್ಟಿದ್ದ ಒಂದೇ ಕೂಸನ್ನ ನಿಮ್ಮಂಥೋರೇ ಮಾರ್ಕೊಂಡ್ರು. ಈಗ ಬೇಡದ್ದೊಂದು ತಾನಾಗೇ ಬಂದು ಮೊಮ್ಮಗ ಅಂತೈತೆ. ಹೋಗಪ್ಪಾ, ಅತ್ಲಾಗೆ ಹೋಗು."

ನಗು ನಿಂತಿತು. ಮೀನಿನವನು ಕೈ ಇಳಿಸಿದ. ತುಸಿಡಿಯಸ್ ಬಾಣಲೆಯನ್ನು ಬಳಸಿಕೊಂಡು, ಟೋಗಾಕ್ಕೆ ಮಸಿ ಮೆತ್ತಿಸಿಕೊಂಡು ಹೋದ.

ಚುನಾವಣೆಯಲ್ಲಿ ಅವನು ಸೋತ. ಸಿಟ್ಟಿಗೆ ಅಚ್ಚು ಒಡೆಸಿದ, ಫಿಲೆರೋಸ್‌ನನ್ನು ಓಡಿಸಿದ. ಆ ಗ್ರೀಕ ಒಸ್ಟಿಯಾ ಬಂದರಿನಲ್ಲಿ ವರ್ತಕರಿಗೆ ಮುದ್ರೆಯುಂಗುರ ಕೊರೆಯುತ್ತ ಮೊದಲಿಗಿಂತ ದುಂಡಗಾದ. ಆದರೆ ನಾಣ್ಯಗಳಾಗಲೇ ಸೈನಿಕರ ಸಂಬಳವಾಗಿ ಗಾಲ್ ದೇಶದವರೆಗೆ ಹೋಗಿದ್ದವು.

ತೆತ್ತಿಯಾ ಅವುಗಳಲ್ಲೊಂದನ್ನೂ ಇಟ್ಟುಕೊಳ್ಳಲಿಲ್ಲ. ಕೈಗೆ ಬಂದದ್ದನ್ನು ಅಂದೇ ದೀಪದೆಣ್ಣೆ ಕೊಂಡು ಎಣ್ಣೆ ಮಾರುವವನ ಕಡೆಗೆ ಎಸೆಯುತ್ತಿದ್ದಳು.