ಸುಭಾನಿಯ ಹಲ್ಲು ಬಿಳುಪಿನ ಕಾರಖಾನೆ

ದಾಂಡೇಲಿಯ ಕಾಗದದ ಗಿರಣಿಯಲ್ಲಿ ಸುಭಾನಿಯ ಕೆಲಸ ಬಿದಿರಿನ ತಿರುಳನ್ನು ಬಿಳುಪು ಮಾಡುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವನಿಗೆ ಲೋಕದಲ್ಲಿ ಬಿಳಿಯಾಗದ ವಸ್ತುವೇ ಇಲ್ಲ ಎಂಬ ಜಂಭ ಬಂದಿತ್ತು. ಹೆಂಡತಿ ರಜಿಯಾ ಮಾತ್ರ ನಗು ಬಂದಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರಕ್ಕೆ ನುಂಗಿದ ಗುಳಿಗೆಗಳಿಂದ ಅವಳ ಹಲ್ಲು ಬೂದಿ ಬಣ್ಣಕ್ಕೆ ತಿರುಗಿದ್ದವು. 2003ರಲ್ಲಿ ಮಗಳು ಜೋಯಾಳ ನಿಕಾಹ್ ಗೊತ್ತಾದಾಗ, ಫೋಟೋಕ್ಕೆ ತಾನು ನಿಲ್ಲುವುದಿಲ್ಲ ಎಂದುಬಿಟ್ಟಳು. ಒಬ್ಬಳೇ ಮಗಳ ಮದುವೆ ಫೋಟೋದಲ್ಲಿ ತಾಯಿಯೇ ಇಲ್ಲವೆಂದರೆ ಹೇಗೆ? ಸುಭಾನಿಗೆ ಸಂಕಟವಾಯಿತು.

ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ಜೊತೆಗಿರಲಿ ಎಂದು ಚಹಾ ಕುಡಿದು ಹಳದಿಯಾದ ತನ್ನ ಹಲ್ಲನ್ನೂ ತೋರಿಸಿದ. ದಂತವೈದ್ಯರು ಇಬ್ಬರ ಹಲ್ಲಿನ ಅಚ್ಚು ತೆಗೆದು, ಮನೆಯಲ್ಲೇ ದಿನಾ ಹಾಕಿಕೊಳ್ಳಲು ಪ್ಲಾಸ್ಟಿಕ್ ಕವಚ, ಜೆಲ್ ಕೊಟ್ಟರು. ಹಳದಿ ಬೇಗ ಬಿಡುತ್ತದೆ, ಗುಳಿಗೆಯ ಬೂದಿ ಬಿಡುವುದು ಕಷ್ಟ, ತಿಂಗಳುಗಟ್ಟಲೆ ಬೇಕಾದೀತು ಎಂದೂ ಹೇಳಿದರು. ಸುಭಾನಿಯ ಕಿವಿಗೆ ಬಿದ್ದದ್ದು ಜೆಲ್‌ನಲ್ಲಿದ್ದ ಪೆರಾಕ್ಸೈಡ್ ಎಂಬ ಹೆಸರೊಂದೇ. ತಿರುಳನ್ನು ಬಿಳುಪು ಮಾಡುವುದೂ ಅದೇ, ಅವನ ಗಿರಣಿಯ ನೆಂಟ.

ಗಿರಣಿಯಲ್ಲಿ ಕಾಗದದ ಬಿಳುಪನ್ನು ಮಾದರಿ ಹಾಳೆಯ ಪಕ್ಕ ಹಿಡಿದು ನೋಡುವುದು ರೂಢಿ. ಅಂಥ ಬೇರೆ ಬೇರೆ ದರ್ಜೆಯ ಹಾಳೆಗಳ ತುಂಡುಗಳನ್ನು ಮನೆಗೆ ತಂದು, ದಿನಾ ಮುಂಜಾನೆ ಬಾಗಿಲ ಬೆಳಕಿನಲ್ಲಿ ಇಬ್ಬರ ಹಲ್ಲಿಗೂ ಹಿಡಿದ. ಎರಡು ವಾರದಲ್ಲಿ ಅವನ ಹಲ್ಲು ಸುದ್ದಿಪತ್ರಿಕೆಯ ಹಾಳೆಯಿಂದ ನೋಟ್‌ಬುಕ್ಕಿಗೆ, ಅಲ್ಲಿಂದ ಲಗ್ನಪತ್ರಿಕೆಯ ದರ್ಜೆಗೆ ಏರಿದವು. ಬಿಸಿ ಚಹಾ ತಗುಲಿದರೆ ಜುಮ್ಮೆಂದು ಕುಣಿಯುತ್ತಿದ್ದ, ಆ ಮಾತು ಬೇರೆ. ರಜಿಯಾಳ ಹಲ್ಲು ಜಪ್ಪಯ್ಯ ಅಂದರೂ ಬಿಳಿಯಾಗಲಿಲ್ಲ. ಅವಕ್ಕೆ ಹೊಂದುವ ತುಂಡು ಹುಡುಕಿ ಸೋತ ಸುಭಾನಿ ಗಿರಣಿಯ ಭಾಷೆಯಲ್ಲಿ ಬಾಯಿತಪ್ಪಿ, "ನಿಂದು ರಟ್ಟಿನ ಮಾಲು ಐತಿ" ಎಂದ.

ಮೂರು ದಿನ ರಜಿಯಾ ಕವಚವನ್ನು ಮುಟ್ಟಲಿಲ್ಲ. ಮಾಡಲು ಹೋದದ್ದೇನು, ಆದದ್ದೇನು! ಈಗ ಇವನು ಪಕ್ಕದಲ್ಲಿ ಹಲ್ಲು ಕಿರಿದರೆ ಅವಳದು ಇನ್ನಷ್ಟು ಕಪ್ಪಗೆ ಕಾಣುತ್ತಿತ್ತು. ನಾಲ್ಕನೆಯ ದಿನ ಅವಳೇ ಕೇಳಿದಳು: "ಬೆಳ್ಳಗ ಆಗದ ಮಾಲಿಗೆ ಗಿರಣ್ಯಾಗ ಏನ್ ಮಾಡ್ತೀರಿ?"

"ಏನ್ ಮಾಡೂದು," ಸುಭಾನಿ ನೆಲ ನೋಡುತ್ತ ಹೇಳಿದ, "ಬಣ್ಣಾ ಹಾಕಿ ಮಾರ್ತೇವಿ. ಮಂದಿ ಅದನ್ನ ಕೇಳಿ ಒಯ್ತಾರ."

ನಿಕಾಹ್ ದಿನ ರಜಿಯಾ ಕಾಚು ಹೆಚ್ಚಿಗೆ ಹಚ್ಚಿದ ಎರಡು ಪಾನ್ ಒಟ್ಟಿಗೆ ಅಗಿದು, ತುಟಿ, ಹಲ್ಲು ಎಲ್ಲ ಕೆಂಪಗೆ ಮಾಡಿಕೊಂಡು ಮಗಳ ಪಕ್ಕ ಬಂದು ನಿಂತಳು. ಫೋಟೋದವನು ಸುಭಾನಿಯ ಕಡೆ ನೋಡಿ, ಚಾಚಾ ಬಾಯಿ ಮುಚ್ಚಬೇಕು, ಹಲ್ಲಿನ ಮೇಲೆ ಫ್ಲ್ಯಾಶ್ ಹೊಡೆಯುತ್ತಿದೆ ಎಂದ. ಅದನ್ನು ಕೇಳಿ ರಜಿಯಾ ಬಾಯಿತುಂಬ ನಕ್ಕಳು, ಜೋಯಾ ನಕ್ಕಳು, ಫೋಟೋದವನು ಗುಂಡಿ ಒತ್ತಿದ. ಆ ಫೋಟೋದಲ್ಲಿ ತುಟಿ ಬಿಗಿದು ನಿಂತವನು ಸುಭಾನಿ ಒಬ್ಬನೇ.